ಹೃದಯದ ಲಯ ತಿದ್ದುವ ‘ಅಬ್ಲೇಷನ್’: ಅಂದಾಜುಪಟ್ಟಿಗೆ ಸಹಿ ಹಾಕುವ ಮುನ್ನ

ಸರಕಿನ ಹೆಸರು ಒಂದೇ ಆಗಿದ್ದು ದರ್ಜೆ ಬೇರೆಯಾಗಿದ್ದರೆ ಬೆಲೆಯೂ ಬಾಳಿಕೆಯೂ ಬೇರೆಯಾಗುತ್ತವೆ ಎಂಬುದು ವರ್ತಕರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಆದರೆ ಆಸ್ಪತ್ರೆಯ ಅಂದಾಜುಪಟ್ಟಿಯಲ್ಲಿ ‘ಕ್ಯಾಥೆಟರ್ ಅಬ್ಲೇಷನ್’ ಎಂಬ ಪದ ಕಂಡಾಗ ಈ ವ್ಯಾವಹಾರಿಕ ಎಚ್ಚರ ಮರೆತುಹೋಗುವುದುಂಟು. ಹೃದಯ ಬಡಿತದ ಲಯ ತಪ್ಪಿದವರಿಗೆ ನೀಡುವ ಈ ಚಿಕಿತ್ಸೆಯು ಒಂದು ಬಗೆಯ ರೋಗಿಗೆ ಬಹುಮಟ್ಟಿಗೆ ಶಾಶ್ವತ ಪರಿಹಾರ. ಇನ್ನೊಂದು ಬಗೆಯ ರೋಗಿಗೆ ಅದು ಉಪಶಮನ ಮಾತ್ರ. ಕೆಲವೊಮ್ಮೆ ಎರಡನೆಯ ಬಾರಿಯೂ ಮಾಡಬೇಕಾಗುತ್ತದೆ. ಎರಡನೆಯ ಬಗೆಯ ರೋಗಿಯು ಮೊದಲನೆಯವನ ಅನುಭವವನ್ನು ಕೇಳಿ ‘ಇನ್ನು ಮಾತ್ರೆ ಬೇಡ’ ಎಂದು ತಾನೇ ನಿರ್ಧರಿಸಿದಲ್ಲಿ, ಆ ಗೊಂದಲಕ್ಕೆ ತೆರಬೇಕಾದ ಬೆಲೆ ಪಾರ್ಶ್ವವಾಯು ಆಗಬಹುದು.

ಹೃದಯವು ತನಗೆ ಬೇಕಾದ ವಿದ್ಯುತ್ ಸಂಕೇತವನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸಣ್ಣ ಕೋಶಸಮೂಹವೊಂದು ವಿಶ್ರಾಂತ ಸ್ಥಿತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ಸಂಕೇತ ಹೊರಡಿಸುತ್ತದೆ. ಅದು ಮೇಲಿನ ಎರಡು ಕೋಣೆಗಳಲ್ಲಿ ಹರಡಿ, ನಡುವೆ ಇರುವ ಒಂದೇ ದ್ವಾರದ ಮೂಲಕ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಇನ್ನೊಂದು ಕಳ್ಳದಾರಿ ಇರುತ್ತದೆ. ಸಂಕೇತವು ಒಂದು ದಾರಿಯಲ್ಲಿ ಇಳಿದು ಇನ್ನೊಂದರಲ್ಲಿ ಏರಿ ಗಾಣದಂತೆ ಸುತ್ತತೊಡಗಿದರೆ ಎದೆಬಡಿತ ಏಕಾಏಕಿ ನಿಮಿಷಕ್ಕೆ 150, 200ಕ್ಕೆ ಏರುತ್ತದೆ. ಬಂದಷ್ಟೇ ಹಠಾತ್ತಾಗಿ ನಿಂತುಬಿಡುತ್ತದೆ. ಅಷ್ಟರಲ್ಲಿ ಆಸ್ಪತ್ರೆ ತಲುಪಿ ಇಸಿಜಿ ತೆಗೆಸಿದರೆ ಎಲ್ಲವೂ ಸರಿಯಾಗಿ ಕಾಣುವುದರಿಂದ, ಎಷ್ಟೋ ಮಂದಿಗೆ ‘ಗ್ಯಾಸ್’ ಅಥವಾ ‘ಟೆನ್ಷನ್’ ಎಂಬ ಹಣೆಪಟ್ಟಿ ಅಂಟುತ್ತದೆ.

ಇಂತಹ ಕಳ್ಳದಾರಿಯ ರೋಗಲಕ್ಷಣವನ್ನು ವುಲ್ಫ್, ಪಾರ್ಕಿನ್ಸನ್ ಮತ್ತು ವೈಟ್ ಎಂಬ ಮೂವರು ವೈದ್ಯರು 1930ರಲ್ಲಿ ವಿವರಿಸಿದರು. 1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ವಿಲ್ ಸೀಲಿ ಎದೆಯನ್ನು ತೆರೆದು ಆ ದಾರಿಯನ್ನು ಕತ್ತರಿಸಿದರು. ಎದೆ ತೆರೆಯದೆ, ರಕ್ತನಾಳದ ಮೂಲಕ ತಂತಿ ತೂರಿಸಿ ಹೃದಯದೊಳಗೆ ಈ ಬಗೆಯ ಕೆಲಸ ಮಾಡಬಹುದೆಂದು 1981ರಲ್ಲಿ ತೋರಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಡಾ. ಮೆಲ್ವಿನ್ ಶೈನ್‌ಮನ್. ಅವರು ಬಳಸಿದ್ದು ನೇರ ವಿದ್ಯುದಾಘಾತವನ್ನು. ಮುಚ್ಚಿದ್ದು ನಡುವಿನ ಮುಖ್ಯ ದ್ವಾರವನ್ನೇ. ಆದುದರಿಂದ ರೋಗಿಗೆ ಪೇಸ್‌ಮೇಕರ್ ಅನಿವಾರ್ಯವಾಗುತ್ತಿತ್ತು. 1980ರ ದಶಕದ ಕೊನೆಯ ವೇಳೆಗೆ ರೇಡಿಯೋ ತರಂಗಗಳ ಶಾಖ ಬಳಕೆಗೆ ಬಂದ ಮೇಲೆ ಚಿಕಿತ್ಸೆ ನಾಜೂಕಾಯಿತು. ಇಂದು ತೊಡೆಸಂದಿಯ ರಕ್ತನಾಳದಿಂದ ಕ್ಯಾಥೆಟರ್ ಒಯ್ದು, ಕಳ್ಳದಾರಿಯನ್ನು ಗುರುತಿಸಿ, ಕೆಲವೇ ಮಿಲಿಮೀಟರ್ ಅಗಲದ ಜಾಗವನ್ನು ಸುಟ್ಟು ಮುಚ್ಚಲಾಗುತ್ತದೆ. ನೂರರಲ್ಲಿ ಸುಮಾರು 95 ಮಂದಿಗೆ ಇದು ಫಲಿಸುತ್ತದೆ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆ ಸೇರಿದಂತೆ ರಾಜ್ಯದ ದೊಡ್ಡ ಆಸ್ಪತ್ರೆಗಳಲ್ಲಿ ಇದು ಈಗ ನಿತ್ಯದ ಕೆಲಸ. ಜೀವನಪರ್ಯಂತ ಮಾತ್ರೆ ನುಂಗುವುದಕ್ಕಿಂತ ಒಮ್ಮೆ ಅಬ್ಲೇಷನ್ ಮಾಡಿಸಿಕೊಳ್ಳುವುದು ಈ ಬಗೆಯ ರೋಗಿಗೆ ಬಹುಪಾಲು ಸಂದರ್ಭಗಳಲ್ಲಿ ಲಾಭದಾಯಕವೇ ಸರಿ.

ಎರಡನೆಯ ಬಗೆ

ಐವತ್ತು, ಅರವತ್ತು ದಾಟಿದ ವರ್ತಕರು ಹೆಚ್ಚಾಗಿ ಎದುರಿಸುವುದು ಇದಲ್ಲ, ಏಟ್ರಿಯಲ್ ಫಿಬ್ರಿಲೇಷನ್ ಎಂಬ ಇನ್ನೊಂದು ತೊಂದರೆಯನ್ನು. ಇಲ್ಲಿ ಕಳ್ಳದಾರಿ ಒಂದಲ್ಲ. ಹೃತ್ಕರ್ಣಗಳ ತುಂಬ ಸಂಕೇತಗಳ ಗದ್ದಲ. ಕೋಣೆಗಳು ಸಂಕುಚಿಸುವ ಬದಲು ನಡುಗುತ್ತವೆ. ನಾಡಿ ಹಿಡಿದು ನೋಡಿದರೆ ಬಡಿತಕ್ಕೂ ಬಡಿತಕ್ಕೂ ಅಂತರ ಹೊಂದುವುದಿಲ್ಲ. ಎಡ ಹೃತ್ಕರ್ಣದ ಮೂಲೆಯಲ್ಲಿರುವ ಸಣ್ಣ ಚೀಲದಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಈ ತೊಂದರೆ ಇರುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಹೆಚ್ಚೆಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ನಡೆದ ಸುದೀರ್ಘ ಅಧ್ಯಯನವು 1991ರಲ್ಲಿ ತಿಳಿಸಿತು. ಹಲವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಲೆಕ್ಕಪರಿಶೋಧಕರ ಭಾಷೆಯಲ್ಲಿ ಹೇಳುವುದಾದರೆ, ಇದು ಆಸ್ತಿ-ಹೊಣೆ ಪಟ್ಟಿಯಲ್ಲಿ ನಮೂದಾಗದ ಸಂಭಾವ್ಯ ಹೊಣೆಗಾರಿಕೆ.

ಈ ಗದ್ದಲದ ಕಿಡಿ ಎಲ್ಲಿ ಹೊತ್ತುತ್ತದೆ ಎಂಬುದನ್ನು ಫ್ರಾನ್ಸಿನ ಬೋರ್ಡೋ ನಗರದ ಡಾ. ಮಿಷೆಲ್ ಹೈಸಾಗೆರ್ ಮತ್ತು ಸಂಗಡಿಗರು 1998ರಲ್ಲಿ ಕಂಡುಕೊಂಡರು. ಅವರು ಪರೀಕ್ಷಿಸಿದ 45 ರೋಗಿಗಳಲ್ಲಿ ಪತ್ತೆಯಾದ 69 ಕಿಡಿಮೂಲಗಳ ಪೈಕಿ ಶೇ. 94ರಷ್ಟು ಇದ್ದದ್ದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳಲ್ಲಿ. ಆ ನಾಳಗಳ ಬಾಯಿಯ ಸುತ್ತ ಬೇಲಿಯಂತೆ ಸುಟ್ಟು, ಕಿಡಿ ಒಳಗೆ ಬಾರದಂತೆ ತಡೆಯುವುದೇ ಇಂದಿನ ಚಿಕಿತ್ಸೆಯ ತಿರುಳು. ಆದರೆ ಬೇಲಿಯಲ್ಲಿ ಒಂದು ಸಂದು ಉಳಿದರೂ ಸಂಕೇತ ನುಸುಳುತ್ತದೆ. ಹೃತ್ಕರ್ಣವೇ ಹಿಗ್ಗಿ ಹಳತಾಗಿದ್ದರೆ ಕಿಡಿ ಬೇರೆ ಕಡೆಯಿಂದಲೂ ಹೊತ್ತಬಹುದು. ಬಂದು ಹೋಗುವ ಬಗೆಯ ತೊಂದರೆಯಲ್ಲಿ ಒಂದು ಬಾರಿಯ ಅಬ್ಲೇಷನ್ ನಂತರ ಒಂದು ವರ್ಷ ನಿರಾತಂಕವಾಗಿರುವವರು ಹತ್ತರಲ್ಲಿ ಸುಮಾರು ಆರೇಳು ಮಂದಿ. ತೊಂದರೆ ಕಾಯಂ ಆಗಿ ನೆಲೆಸಿದವರಲ್ಲಿ ಈ ಪ್ರಮಾಣ ಇನ್ನೂ ಕಡಿಮೆ. ಮೊದಲ ಎರಡು ಮೂರು ತಿಂಗಳಲ್ಲಿ ಮರುಕಳಿಸಿದರೆ ಅದನ್ನು ಗಾಯ ಮಾಯುವ ಕಾಲವೆಂದು ಪರಿಗಣಿಸಿ, ಚಿಕಿತ್ಸೆ ಸೋತಿತೆಂದು ವೈದ್ಯರು ತೀರ್ಮಾನಿಸುವುದಿಲ್ಲ.

ಇಷ್ಟು ಕೊಟ್ಟು ಪಡೆಯುವುದೇನು? 2,204 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ಕಬಾನ’ ಅಧ್ಯಯನದಲ್ಲಿ ಅಬ್ಲೇಷನ್ ಗುಂಪಿಗೂ ಔಷಧಿಯ ಗುಂಪಿಗೂ ಮರಣ, ಪಾರ್ಶ್ವವಾಯು ಮುಂತಾದವುಗಳ ಒಟ್ಟು ಲೆಕ್ಕದಲ್ಲಿ ನಿಶ್ಚಿತ ವ್ಯತ್ಯಾಸ ಕಾಣಲಿಲ್ಲ. ಆದರೆ ದಣಿವು, ಎದೆ ಡವಡವ, ಉಬ್ಬಸಗಳು ಕಡಿಮೆಯಾಗಿ ಜೀವನದ ಗುಣಮಟ್ಟ ಸುಧಾರಿಸಿತು. ಈ ಸುಧಾರಣೆ ಮನಸ್ಸಿನ ಸಮಾಧಾನ ಮಾತ್ರವೇ ಎಂಬ ಸಂಶಯಕ್ಕೆ ಬ್ರಿಟನ್ನಿನ ಅಧ್ಯಯನವೊಂದು 2024ರಲ್ಲಿ ಉತ್ತರ ನೀಡಿತು: 126 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ತೋರಿಕೆಯ ಚಿಕಿತ್ಸೆ ಮಾತ್ರ ನೀಡಿ ಹೋಲಿಸಿದಾಗ, ನಿಜವಾದ ಅಬ್ಲೇಷನ್ ಪಡೆದವರಿಗೇ ಹೆಚ್ಚಿನ ಗುಣ ಕಂಡಿತು. ಹೃದಯದ ಪಂಪ್ ಶಕ್ತಿಯೇ ಕುಗ್ಗಿದ್ದವರಲ್ಲಿ ಮರಣವೂ ಇಳಿಯಿತೆಂದು 2018ರ ‘ಕ್ಯಾಸಲ್-ಎಎಫ್’ ತೋರಿಸಿತು. ತೊಂದರೆ ಪತ್ತೆಯಾದ ಒಂದು ವರ್ಷದೊಳಗೆ, ಮಾತ್ರೆಯಿಂದಾಗಲಿ ಅಬ್ಲೇಷನ್‌ನಿಂದಾಗಲಿ, ಲಯವನ್ನು ಸರಿಪಡಿಸಲು ಮುಂದಾದವರಿಗೆ ಪ್ರಯೋಜನ ಹೆಚ್ಚೆಂದು 2020ರ ಯುರೋಪಿನ ಅಧ್ಯಯನ ತಿಳಿಸಿತು. ‘ಮಾರ್ಚ್ ಲೆಕ್ಕ ಮುಗಿಯಲಿ, ಮಗಳ ಮದುವೆ ಕಳೆಯಲಿ’ ಎಂದು ವರ್ಷಗಟ್ಟಲೆ ಮುಂದೂಡುವವರು ಗಮನಿಸಬೇಕಾದ ಅಂಶವಿದು.

ಮಾತ್ರೆಯ ವಿಚಾರ

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಅಬ್ಲೇಷನ್ ಆದ ಮೇಲೂ ಕನಿಷ್ಠ ಎರಡು ಮೂರು ತಿಂಗಳು ಎಲ್ಲರೂ ಸೇವಿಸಲೇಬೇಕು. ಅನಂತರದ ತೀರ್ಮಾನಕ್ಕೆ ಆಧಾರ ನಾಡಿ ಸರಿಯಾಯಿತೆಂಬ ಭಾವನೆಯಲ್ಲ. ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯ ವೈಫಲ್ಯ, ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂಬುದು. ಮರುಕಳಿಕೆ ಲಕ್ಷಣವಿಲ್ಲದೆಯೂ ಆಗಬಹುದಾದ್ದರಿಂದ ‘ನನಗೇನೂ ಅನಿಸುತ್ತಿಲ್ಲ’ ಎಂಬ ಸಾಕ್ಷ್ಯಕ್ಕೆ ಇಲ್ಲಿ ಬೆಲೆಯಿಲ್ಲ. ಒಂದು ವರ್ಷ ಪೂರ್ತಿ ಮರುಕಳಿಸದ ಕೆಲವು ರೋಗಿಗಳಲ್ಲಿ ಮಾತ್ರೆ ನಿಲ್ಲಿಸುವುದನ್ನು ಪರಿಗಣಿಸಬಹುದೆಂಬ ಸೂಚನೆ 2025ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ದೊರೆತಿದೆ. ಆದರೆ ಅವರೆಲ್ಲ ವೈದ್ಯರು ಆಯ್ದು, ಪರೀಕ್ಷಿಸುತ್ತ ಬಂದ ರೋಗಿಗಳು. ಔಷಧಿ ಅಂಗಡಿಗೆ ಹೋಗುವುದನ್ನು ತಾವಾಗಿಯೇ ಬಿಟ್ಟವರಲ್ಲ. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕಿರಿದಾದವರು ನಮ್ಮ ದೇಶದಲ್ಲಿ ಈಗಲೂ ಇದ್ದಾರೆ. ಅಂಥವರಿಗೆ ಹೊಸ ಮಾತ್ರೆಗಿಂತ ಹಳೆಯ ವಾರ್ಫರಿನ್ ಬಗೆಯ ಔಷಧಿಯೇ ಮೇಲೆಂದು 2022ರ ‘ಇನ್ವಿಕ್ಟಸ್’ ಅಧ್ಯಯನ ಸ್ಪಷ್ಟಪಡಿಸಿತು.

ತೂಕದ ವಿಷಯವೂ ಸಣ್ಣದಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ. 10 ಅಥವಾ ಹೆಚ್ಚು ತೂಕ ಇಳಿಸಿದ ಸ್ಥೂಲಕಾಯದವರು ಈ ತೊಂದರೆಯಿಂದ ಮುಕ್ತರಾಗಿ ಉಳಿಯುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು ಹೆಚ್ಚಿತ್ತು. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ಈ ಅಂಕಿಯನ್ನು ಎರಡು ಬಾರಿ ಓದಬಹುದು.

ಅಪಾಯಗಳನ್ನು ಮುಚ್ಚಿಡಬೇಕಾಗಿಲ್ಲ. ನೂರರಲ್ಲಿ ಒಬ್ಬರಿಗೆ ಎಂಬಷ್ಟು ಪ್ರಮಾಣದಲ್ಲಿ ಹೃದಯದ ಹೊದಿಕೆಯೊಳಗೆ ರಕ್ತ ಸೋರುತ್ತದೆ. ಅತಿ ವಿರಳವಾಗಿ, ಶಾಖವು ಹೃದಯದ ಹಿಂಬದಿಯ ಅನ್ನನಾಳಕ್ಕೆ ತಗುಲಿ ವಾರಗಳ ನಂತರ ಅಲ್ಲಿ ರಂಧ್ರವಾಗುವುದುಂಟು. ಆದುದರಿಂದ ಮನೆಗೆ ಬಂದ ಎರಡು ತಿಂಗಳೊಳಗೆ ಜ್ವರ, ನುಂಗಲು ಕಷ್ಟ, ಎದೆನೋವು ಕಂಡರೆ ಅಬ್ಲೇಷನ್ ಮಾಡಿದ ಆಸ್ಪತ್ರೆಗೇ ಮರಳತಕ್ಕದ್ದು. ಶಾಖದ ಬದಲು ಅತಿಕ್ಷಿಪ್ರ ವಿದ್ಯುತ್ ಸ್ಪಂದನಗಳಿಂದ ಹೃದಯದ ಕೋಶಗಳನ್ನಷ್ಟೇ ನಾಶಗೊಳಿಸುವ ‘ಪಲ್ಸ್ಡ್ ಫೀಲ್ಡ್’ ವಿಧಾನಕ್ಕೆ ಅಮೆರಿಕದಲ್ಲಿ 2023ರ ಡಿಸೆಂಬರ್‌ನಲ್ಲಿ ಅನುಮತಿ ದೊರೆಯಿತು. ಅನ್ನನಾಳದ ಭಯ ಇದರಲ್ಲಿ ಬಹಳ ಕಡಿಮೆ. ಹಾಗೆಂದು ಹೊಸದೆಲ್ಲವೂ ನಿರಪಾಯವಲ್ಲ: ಇಂತಹ ಉಪಕರಣವೊಂದರ ಬಳಕೆಯನ್ನು ಪಾರ್ಶ್ವವಾಯು ಪ್ರಕರಣಗಳ ಕಾರಣ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಕೆಲಕಾಲ ತಡೆಹಿಡಿಯಲಾಗಿತ್ತು.

ಬಿಲ್ಲಿನೊಳಗೆ

ಏಟ್ರಿಯಲ್ ಫಿಬ್ರಿಲೇಷನ್‌ಗೆ ಮಾಡುವ ಅಬ್ಲೇಷನ್ನಿನ ಬಿಲ್ಲಿನಲ್ಲಿ ದೊಡ್ಡ ಪಾಲು ವೈದ್ಯರ ಶುಲ್ಕವೂ ಅಲ್ಲ, ಕೊಠಡಿ ಬಾಡಿಗೆಯೂ ಅಲ್ಲ, ಆಮದಾದ ಕ್ಯಾಥೆಟರುಗಳು. ಒಮ್ಮೆ ಬಳಸಿದ ಕ್ಯಾಥೆಟರುಗಳನ್ನು ಶುದ್ಧೀಕರಿಸಿ ಮರುಬಳಸುವ ರೂಢಿ ವೈದ್ಯಕೀಯ ವಲಯಕ್ಕೆ ಹೊಸದಲ್ಲ. ಅಮೆರಿಕದಲ್ಲಿ ನಿಯಂತ್ರಣಕ್ಕೆ ಒಳಪಟ್ಟ ಕಂಪನಿಗಳೇ ಇದನ್ನು ವ್ಯಾಪಾರವಾಗಿ ನಡೆಸುತ್ತವೆ. ಇನ್ನೊಬ್ಬರ ಮರುಸಂಸ್ಕರಿತ ಕ್ಯಾಥೆಟರ್ ಕೊಳ್ಳುವ ಆಸ್ಪತ್ರೆಗಳಿಗೆ ತನ್ನ ನಕ್ಷಾಯಂತ್ರದ ತಾಂತ್ರಿಕ ನೆರವು ನಿರಾಕರಿಸಿದ್ದಕ್ಕಾಗಿ ಬಯೋಸೆನ್ಸ್ ವೆಬ್‌ಸ್ಟರ್ ಕಂಪನಿಯು ಇನೊವೇಟಿವ್ ಹೆಲ್ತ್ ಎಂಬ ಸಣ್ಣ ಕಂಪನಿಗೆ ಸುಮಾರು 14.7 ಕೋಟಿ ಡಾಲರ್ ಪರಿಹಾರ ನೀಡಬೇಕೆಂದು ಕ್ಯಾಲಿಫೋರ್ನಿಯಾದ ನ್ಯಾಯದರ್ಶಿಗಳ ಮಂಡಳಿ 2025ರ ಮೇ ತಿಂಗಳಿನಲ್ಲಿ ತೀರ್ಪಿತ್ತಿತು. ಅಲ್ಲಿನ ಸ್ಪರ್ಧಾ ಕಾಯಿದೆಯ ಪ್ರಕಾರ ಇಂತಹ ಪರಿಹಾರ ಮೂರು ಪಟ್ಟಾಗುತ್ತದೆ. ‘ಈ ಸರಕು ಕೊಂಡರೆ ಮಾತ್ರ ಆ ಸೇವೆ’ ಎಂಬ ಷರತ್ತಿನ ನೋವು ಬಲ್ಲ ಸಣ್ಣ ಉದ್ಯಮಿಗಳಿಗೆ ಈ ಮೊಕದ್ದಮೆ ವಿಶೇಷ ವಿವರಣೆಯನ್ನು ಬೇಡುವುದಿಲ್ಲ. ರೋಗಿಯ ಕಡೆಯವರು ಮುಂಚಿತವಾಗಿಯೇ ಲಿಖಿತವಾಗಿ ಕೇಳಬೇಕಾದುದು: ಕ್ಯಾಥೆಟರ್ ಹೊಸದೋ ಮರುಬಳಕೆಯದೋ, ಅದಕ್ಕೆ ತಕ್ಕ ದರ ಹಾಕಲಾಗಿದೆಯೇ, ಮತ್ತೊಮ್ಮೆ ಮಾಡಬೇಕಾದರೆ ವೆಚ್ಚವೆಷ್ಟು.

ವಿಮೆಯಲ್ಲಿ, ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿಯನ್ನು ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಗರಿಷ್ಠ ಮೂರು ವರ್ಷಕ್ಕೆ ಇಳಿಸಿತು. ಪ್ರಸ್ತಾವ ಪತ್ರದಲ್ಲಿ ಲಯದ ತೊಂದರೆಯನ್ನು ಮುಚ್ಚಿಟ್ಟು, ಹಳೆಯ ಇಸಿಜಿ ಬಯಲಾದಾಗ ಕ್ಲೇಮು ಕಳೆದುಕೊಳ್ಳುವುದು ಜಾಣತನವಲ್ಲ. ಮಿತಿ ಮೀರಿದ ಬಾಡಿಗೆಯ ಕೊಠಡಿಯಲ್ಲಿದ್ದರೂ ಸಾಧನಗಳ ಮತ್ತು ಔಷಧಿಗಳ ವೆಚ್ಚವನ್ನು ಅದೇ ಅನುಪಾತದಲ್ಲಿ ಕಡಿತಗೊಳಿಸಬಾರದೆಂದು ಪ್ರಾಧಿಕಾರವು 2020ರಲ್ಲಿ ಸೂಚಿಸಿತ್ತು. ಕ್ಯಾಥೆಟರಿನ ವೆಚ್ಚವೇ ಪ್ರಧಾನವಾದ ಬಿಲ್ಲಿನಲ್ಲಿ ಇದು ಲಕ್ಷಗಳ ಮಾತು; ಪಾಲಿಸಿಯಲ್ಲಿ ಈ ಅಂಶ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ಪಾಲಿಸಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಯಿತು. ನೌಕರರ ಗುಂಪು ವಿಮೆಗೆ ಈ ರಿಯಾಯಿತಿ ಅನ್ವಯಿಸಲಿಲ್ಲ.

ಮಾಲೀಕನ ಹೃದಯವೇ ವ್ಯವಹಾರದ ಬಂಡವಾಳವಾದ್ದರಿಂದ ಚಿಕಿತ್ಸೆಯನ್ನು ವ್ಯಾಪಾರದ ಖರ್ಚಿಗೆ ಬರೆಯಬಹುದಲ್ಲವೇ ಎಂಬ ಪ್ರಶ್ನೆ ಪ್ರತಿ ವರ್ಷವೂ ಏಳುತ್ತದೆ. ಹಿರಿಯ ವಕೀಲರೂ ಮಾಜಿ ಕೇಂದ್ರ ಕಾನೂನು ಸಚಿವರೂ ಆಗಿದ್ದ ಶಾಂತಿಭೂಷಣ್ ತಮ್ಮ ಹೃದಯ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಹೀಗೆಯೇ ಕೇಳಿದ್ದರು. ಹೃದಯವು ವೃತ್ತಿಯ ‘ಯಂತ್ರ’ವೆಂದೂ ಇದು ಅದರ ದುರಸ್ತಿಯೆಂದೂ ಅವರ ವಾದ. ದೆಹಲಿ ಉಚ್ಚ ನ್ಯಾಯಾಲಯವು 2011ರಲ್ಲಿ ಅದನ್ನು ತಳ್ಳಿಹಾಕಿತು. ಯಂತ್ರವೆಂದಾದರೆ ಅದು ಆಸ್ತಿಪಟ್ಟಿಯಲ್ಲಿ ನಮೂದಾಗಿರಬೇಕಿತ್ತಲ್ಲವೇ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವಿಮಾ ಪ್ರೀಮಿಯಂ ಮೇಲೆ 25,000 ರೂಪಾಯಿ, ಹಿರಿಯ ನಾಗರಿಕರಿಗೆ 50,000 ರೂಪಾಯಿವರೆಗೆ ಕಡಿತ ಉಂಟು. ಪ್ರೀಮಿಯಂ ನಗದಾಗಿ ಕಟ್ಟಿದರೆ ಅದು ದೊರೆಯದು. ಆಸ್ಪತ್ರೆಯ ಬಿಲ್ಲಿಗೂ ನಗದಿನ ಚೀಲ ಒಯ್ಯುವಂತಿಲ್ಲ: 2017ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಆಸ್ಪತ್ರೆ ಸ್ವೀಕರಿಸಲಾಗದು.