ಮನೆಯ ಷೆಡ್ಡಿನಲ್ಲಿ ಡೀಸೆಲ್ ಯಂತ್ರದ ಜೀರ್ಣೋದ್ಧಾರ

ಅಮೆರಿಕಾ ದೇಶದ ಡಾಡ್ಜ್ ಪಿಕಪ್ ಬಂಡಿಗಳಿಗೆ 1989ರ ಮಾದರಿಯಿಂದ ಜೋಡಿಸಲ್ಪಟ್ಟ 5.9 ಲೀಟರಿನ ಕಮಿನ್ಸ್ ಡೀಸೆಲ್ ಯಂತ್ರವನ್ನು ಅಲ್ಲಿನ ಗೃಹಸ್ಥರು ಮನೆಯ ಷೆಡ್ಡಿನಲ್ಲಿಯೇ ಬಿಚ್ಚಿ ಕಟ್ಟುವರೆಂಬುದು ವಾಚಕರಿಗೆ ಸೋಜಿಗವೆನಿಸಬಹುದು. ಆರು ಸಿಲಿಂಡರುಗಳೂ ಒಂದೇ ಸಾಲಿನಲ್ಲಿರುವುದು ಅವರಿಗೊಂದು ಅನುಕೂಲ. ತೂಕವು ಮಾತ್ರ ಸುಮಾರು 500 ಕಿಲೋಗ್ರಾಂ, ಸರಪಣಿರಾಟೆಯಿಲ್ಲದೆ ಯಾರೂ ಕೈಯಿಡತಕ್ಕದ್ದಲ್ಲ.

ದೊಡ್ಡ ಟರ್ಬೋ, ಹೊಸ ಇಂಜೆಕ್ಟರುಗಳ ಮೇಲೆಯೇ ಹಲವರಿಗೆ ಮೋಹ. ನಾವಾದರೋ ಮೊದಲು ನೋಡಬೇಕೆನ್ನುವುದು ಬೆರಳ ತುದಿಯಷ್ಟರ ಒಂದು ಉಕ್ಕಿನ ಗೂಟವನ್ನು. ಮುಂಭಾಗದ ಗೇರುಪೆಟ್ಟಿಗೆಯನ್ನು ನೆಲೆಗೊಳಿಸುವ ಈ ಗೂಟವು ಹಳೆಯ ಯಂತ್ರಗಳಲ್ಲಿ ಅದಿರಾಟದಿಂದ ಸಡಿಲಗೊಂಡು ಹಲ್ಲುಚಕ್ರಗಳ ನಡುವೆ ಬಿದ್ದಿತೆಂದರೆ, ಪೆಟ್ಟಿಗೆಯೊಡೆದು ಎಣ್ಣೆ ಸೋರಿ ಸರ್ವನಾಶವಾದೀತು. ಮುಂದಿನ ಮುಚ್ಚಳವನ್ನು ತೆಗೆದು, ಗೂಟವನ್ನು ಒಳಕ್ಕೆ ಬಡಿದು, ಅದು ಹೊರಬಾರದಂತೆ ಪಕ್ಕದ ಬೋಲ್ಟಿನಡಿಯಲ್ಲಿ ಉಕ್ಕಿನ ತಗಡಿನ ತುಂಡೊಂದನ್ನು ಅಡ್ಡಲಾಗಿ ಬಿಗಿಯಬೇಕು. ಟರ್ಬೋವಿನ ಮಾತು ಆಮೇಲೆ.