17ನೇ ಗ್ರೂಪ್ ಎಲ್ಲಿ ಹೋಯ್ತು?

ಪುಣೆಯಲ್ಲಿ ಕೆಲಸ ಮಾಡ್ತಿದ್ದಾಗ ಒಬ್ಬ ಸಹೋದ್ಯೋಗಿಯನ್ನು ಹೊಸ ಪ್ರಾಜೆಕ್ಟಿನ ಗ್ರೂಪಿಗೆ ಸೇರಿಸಿದೆ. ಅವರ ಲಿನಕ್ಸ್ ಯಂತ್ರದಲ್ಲಿ 'ಐಡಿ' ಕಮಾಂಡ್ ಕೊಟ್ಟರೆ ಗ್ರೂಪ್ ಕಾಣಿಸ್ತಿತ್ತು. ಆದರೆ ಎನ್‌ಎಫ್‌ಎಸ್ ಸರ್ವರಿನಲ್ಲಿದ್ದ ಫೋಲ್ಡರ್ ತೆರೆದರೆ 'ಪರ್ಮಿಶನ್ ಡಿನೈಡ್'! ಅರ್ಧ ದಿನ ತಲೆ ಕೆಡಿಸಿಕೊಂಡು ಕೊನೆಗೆ ಎಣಿಸಿ ನೋಡಿದೆ: ಅವರು 20 ಗ್ರೂಪುಗಳಲ್ಲಿದ್ದರು.

ಇಂದಿನ ಲಿನಕ್ಸಿನಲ್ಲಿ ಒಬ್ಬರು 65,536 ಗ್ರೂಪುಗಳವರೆಗೆ ಇರಬಹುದು. ತೊಂದರೆ ಶುರುವಾಗೋದು ನೆಟ್‌ವರ್ಕ್ ದಾಟುವಾಗ. ಎನ್‌ಎಫ್‌ಎಸ್ ಕ್ಲೈಂಟ್ ಸಾಮಾನ್ಯವಾಗಿ ಕಳಿಸುವ ಆತ್-ಸಿಸ್ ಗುರುತಿನಲ್ಲಿ, ಪ್ರೈಮರಿ ಗ್ರೂಪ್ ಬಿಟ್ಟರೆ ಇನ್ನು 16 ಗ್ರೂಪ್ ನಂಬರುಗಳಿಗಷ್ಟೇ ಜಾಗ. ಉಳಿದವನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತೆ. ಸರ್ವರಿಗೆ ಅವು ಗೊತ್ತೇ ಆಗಲ್ಲ.

ಪರಿಹಾರ ಏನು? ಲಿನಕ್ಸ್ ಸರ್ವರ್ ಆದರೆ ಮೌಂಟ್‌ಡಿಗೆ 'ಮ್ಯಾನೇಜ್-ಜಿಐಡಿಸ್' ಆಯ್ಕೆ ಕೊಡಿ. ಆಗ ಸರ್ವರ್ ಕ್ಲೈಂಟ್ ಕಳಿಸಿದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಬಳಕೆದಾರರ ಗ್ರೂಪುಗಳನ್ನು ತಾನೇ ಹುಡುಕುತ್ತೆ. ಅದಕ್ಕೆ ಆ ಮಾಹಿತಿ, ಎಲ್‌ಡ್ಯಾಪ್ ಮೂಲಕವೋ ಬೇರೆ ರೀತಿಯಲ್ಲೋ, ಸರ್ವರಿನಲ್ಲೂ ಸಿಗಬೇಕು. ಕೆರ್ಬರೋಸ್ ಬಳಸಿದರೂ ಈ 16ರ ಮಿತಿ ಅಡ್ಡ ಬರಲ್ಲ.

ಒಂದು ಮಾತು: ಬೇಸತ್ತು ಫೋಲ್ಡರಿಗೆ 777 ಕೊಡಬೇಡಿ. ಒಬ್ಬರಿಗಾಗಿ ಬಾಗಿಲು ತೆಗೆಯೋಕೆ ಹೋಗಿ ಇಡೀ ಊರಿಗೆ ತೆರೆದಿಟ್ಟಂತಾಗುತ್ತೆ. ಮೊದಲು ಗ್ರೂಪ್ ಎಣಿಸಿ.