ಮಗಳ ಚೀಲ ಹೊತ್ತ ತಾಯಿ

ದಾವಣಗೆರೆಯಲ್ಲಾಗಲಿ, ಹರಿಹರದಲ್ಲಾಗಲಿ ಮಂಡಕ್ಕಿ-ಮಿರ್ಚಿಯ ಮುಂದೆ ನಾಲ್ಕು ಜನ ಕೂತರೆ ಮಾತು ಕ್ರಿಕೆಟ್‌ಗೆ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಆಟೋ ಚಾಲಕರ ಮಗ ಆರ್. ವಿನಯ್ ಕುಮಾರ್ 'ದಾವಣಗೆರೆ ಎಕ್ಸ್‌ಪ್ರೆಸ್' ಎನಿಸಿಕೊಂಡು ಭಾರತ ತಂಡಕ್ಕೆ ಆಡಿದ ಊರಿದು. ಆದರೆ ಗಾಲ್ಫ್? 'ಅದು ಶ್ರೀಮಂತರ ಆಟ, ನಮಗೇಕೆ?' ಎಂದು ಚಾನೆಲ್ ಬದಲಿಸುವವರೇ ಹೆಚ್ಚು.

2021ರ ಆಗಸ್ಟ್ 7ರ ಶನಿವಾರ ಬೆಳಿಗ್ಗೆ ಮಾತ್ರ ದೇಶದ ಅನೇಕ ಮನೆಗಳಲ್ಲಿ ಚಾನೆಲ್ ಬದಲಾಗಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹೊಸ್ತಿಲಲ್ಲಿದ್ದರು. 'ಬರ್ಡಿ ಎಂದರೇನು, ಬೋಗಿ ಎಂದರೇನು' ಎಂದು ಪರಸ್ಪರ ಕೇಳಿಕೊಳ್ಳುತ್ತಲೇ ಜನ ಟಿವಿಗೆ ಅಂಟಿಕೊಂಡಿದ್ದರು.

ಆಟದ ಲೆಕ್ಕ

ಗಾಲ್ಫ್‌ನಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಮೈದಾನದಲ್ಲಿ 18 ಕುಳಿಗಳು. ಪ್ರತಿ ಕುಳಿಗೂ ಇಷ್ಟು ಹೊಡೆತ ಎಂದು ನಿಗದಿ, ಅದೇ 'ಪಾರ್'. ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಟೋಕಿಯೊದಲ್ಲಿ ನಾಲ್ಕು ದಿನ, ಒಟ್ಟು 72 ಕುಳಿ. ಅಮೆರಿಕದ ನೆಲ್ಲಿ ಕೊರ್ಡಾ 267 ಹೊಡೆತಗಳಲ್ಲಿ ಚಿನ್ನ ಗೆದ್ದರು. ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೊ ತಲಾ 268. ಅದಿತಿ 269. ಒಂದೇ ಒಂದು ಹೊಡೆತದಿಂದ ಪದಕ ಕೈತಪ್ಪಿ ನಾಲ್ಕನೇ ಸ್ಥಾನ! ಆಗ ವಿಶ್ವ ಶ್ರೇಯಾಂಕದಲ್ಲಿ ಅವರು 200ನೆಯವರು. ಕೆಲವೇ ವಾರಗಳ ಹಿಂದೆ ಕೋವಿಡ್‌ನಿಂದ ಬಳಲಿದ್ದ ಅವರ ಹೊಡೆತಗಳು ಉಳಿದವರಷ್ಟು ದೂರ ಹೋಗುತ್ತಿರಲಿಲ್ಲ. ಕುಳಿಯ ಬಳಿಯ ನಿಖರತೆಯೇ ಅವರನ್ನು ಅಲ್ಲಿಯವರೆಗೆ ತಂದಿತ್ತು.

ಮನೆಯವರ ಪಾಲು

ಟೋಕಿಯೊದಲ್ಲಿ ಅದಿತಿಯ ಗಾಲ್ಫ್ ಚೀಲ ಹೊತ್ತು ಜೊತೆಗೆ ನಡೆದವರು ತಾಯಿ ಮಾಹೇಶ್ವರಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 18ರ ಹರೆಯದ ಮಗಳ ಚೀಲ ಹೊತ್ತವರು ತಂದೆ. ಇಬ್ಬರೂ ಮೊದಲು ಗಾಲ್ಫ್ ಆಡಿದವರಲ್ಲ. ಪುಟ್ಟ ಮಗಳು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನವನ್ನು ನೋಡಿ ಆಸೆಪಟ್ಟಾಗ ಅವರೂ ಅವಳೊಂದಿಗೆ ಕಲಿಯತೊಡಗಿದರು.

ವೃತ್ತಿಪರ ಗಾಲ್ಫ್‌ನಲ್ಲಿ ಈ ಬೆಂಬಲದ ಬೆಲೆ ದೊಡ್ಡದು. ಆಟಗಾರರಿಗೆ ತಿಂಗಳ ಸಂಬಳವಿಲ್ಲ. ಹೆಚ್ಚಿನ ಪಂದ್ಯಾವಳಿಗಳಲ್ಲಿ ಎರಡು ದಿನದ ಬಳಿಕ ಹಿಂದುಳಿದವರು ಹೊರಬೀಳುತ್ತಾರೆ. ಅವರಿಗೆ ಸಾಮಾನ್ಯವಾಗಿ ಬಹುಮಾನದ ಹಣವಿಲ್ಲ. ಪ್ರಯಾಣ, ವಸತಿಯ ಖರ್ಚು ಮಾತ್ರ ಅವರದೇ. ಅದಿತಿ 2016ರಲ್ಲಿ ಯುರೋಪಿಯನ್ ಮಹಿಳಾ ಟೂರ್‌ನ ಪಂದ್ಯಾವಳಿ ಗೆದ್ದ ಮೊದಲ ಭಾರತೀಯರಾದರು. 2023ರ ಏಷ್ಯನ್ ಗೇಮ್ಸ್‌ನಲ್ಲಿ ಕೊನೆಯ ದಿನ ಮುನ್ನಡೆ ಕಳೆದುಕೊಂಡರೂ ಬೆಳ್ಳಿ ತಂದರು.

ನಮ್ಮ ಹೆಣ್ಣುಮಕ್ಕಳು

'ನಮ್ಮ ಮಕ್ಕಳಿಗೆ ಇದೆಲ್ಲ ಒಗ್ಗುತ್ತದೆಯೇ?' ಎನ್ನುವವರಿದ್ದಾರೆ. ಮೊರೊಕ್ಕೊದ ಮಹಾ ಹದ್ದಿಯೂಯಿ 2016ರಲ್ಲಿ ಒಲಿಂಪಿಕ್ಸ್ ಗಾಲ್ಫ್ ಆಡಿದರು. ಅದೇ ದೇಶದ ಇನೆಸ್ ಲಕ್ಲಲೆಕ್ 2022ರಲ್ಲಿ ಫ್ರಾನ್ಸ್‌ನ ಪಂದ್ಯಾವಳಿ ಗೆದ್ದು, ಯುರೋಪಿಯನ್ ಮಹಿಳಾ ಟೂರ್‌ನಲ್ಲಿ ಜಯ ಕಂಡ ಮೊದಲ ಅರಬ್ ಮಹಿಳೆಯಾದರು. ಅಮೆರಿಕದ ನೂರ್ ಅಹ್ಮದ್ ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡದಲ್ಲಿ ಹಿಜಾಬ್ ಧರಿಸಿಯೇ ಆಡಿದರು.

ಈ ಆಟದಲ್ಲಿ ಮಕ್ಕಳಿಗೆ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಇಲ್ಲಿ ಪ್ರತಿ ಹೊಡೆತಕ್ಕೂ ಅಂಪೈರ್ ಇರುವುದಿಲ್ಲ. ತಪ್ಪಾದರೆ ಆಟಗಾರರೇ ಒಪ್ಪಿಕೊಳ್ಳಬೇಕು. 1925ರ ಯುಎಸ್ ಓಪನ್‌ನಲ್ಲಿ ಬಾಬಿ ಜೋನ್ಸ್ ಯಾರೂ ಕಾಣದ ತಪ್ಪಿಗೆ ತಾವೇ ದಂಡ ಹಾಕಿಕೊಂಡರು. ಆ ಒಂದು ಹೊಡೆತ ಸೇರಿದ್ದರಿಂದ ಪಂದ್ಯ ಸಮವಾಗಿ, ಕೊನೆಗೆ ಸೋತರು. ಯಾರೂ ನೋಡದಿದ್ದಾಗಲೂ ಪ್ರಾಮಾಣಿಕರಾಗಿರುವುದನ್ನು ನಾವು ಮನೆಯಲ್ಲಿ ಕಲಿಸುವುದೂ ಇದನ್ನೇ ಅಲ್ಲವೇ?

ಹತ್ತನೇ ತರಗತಿ ಮುಗಿಯುತ್ತಲೇ ಮಗಳ ಆಟ ನಿಲ್ಲುವುದು ನಮ್ಮ ಎಷ್ಟೋ ಮನೆಗಳಲ್ಲಿ ಮಾಮೂಲು. ಅವಳಿಗೆ ಗಾಲ್ಫೇ ಬೇಕೆಂದಿಲ್ಲ. ಷಟಲ್, ಓಟ, ಥ್ರೋಬಾಲ್, ಚೆಸ್ ಯಾವುದೂ ಆದೀತು. ಸಂಜೆ ಮೈದಾನದವರೆಗೆ ಜೊತೆಗೆ ಹೋಗಲು ತಾಯಿಗೆ ಒಂದು ಗಂಟೆ ಬಿಡುವು, ಅಷ್ಟು ಹೊತ್ತು ಅಡುಗೆಮನೆ ನೋಡಿಕೊಳ್ಳಲು ಮನೆಯವರ ಮನಸ್ಸು, ಇಷ್ಟರಿಂದಲೇ ಆರಂಭಿಸಬಹುದು.